ಸೂಜಿಕೊಳ್ಳದ ಹಗ್ಗ

2003ರ ಫೆಬ್ರವರಿ 3, ಸೋಮವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಸವನಗುಡಿಯ ಪೊಲೀಸ್ ಠಾಣೆಗೆ ವಿಶಾಲಮ್ಮ ಎಂಬ ಹಿರಿಯ ಹೆಂಗಸು ಬಂದು ಬೆಂಚಿನ ಮೇಲೆ ಕೂತರು. ಹನುಮಂತನಗರದವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೆಡ್ ಕಾನ್‌ಸ್ಟೆಬಲ್ ದೊಡ್ಡಬೈರಪ್ಪ ಎರಡು ಸಲ ವಿಚಾರಿಸಿದರೂ, ಇನ್‌ಸ್ಪೆಕ್ಟರಿಗೇ ಹೇಳುತ್ತೇನೆ ಎಂದು ಪಟ್ಟು ಹಿಡಿದರು.

ಇನ್‌ಸ್ಪೆಕ್ಟರ್ ಬದರೀನಾರಾಯಣ ಗಾಂಧಿಬಜಾರಿನಲ್ಲಿ ಕಾಫಿ ಮುಗಿಸಿ ನಿಧಾನವಾಗಿ ಬಂದರು. ಈ ಮನುಷ್ಯ ನಡೆಯುವುದೂ ನಿಧಾನ, ಮಾತೂ ನಿಧಾನ. ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಾರೆ ಎಂದು ಇಲಾಖೆಯಲ್ಲಿ ಅವರ ಬೆನ್ನ ಹಿಂದೆ ನಗುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಯಾರಾದರೂ ಹೇಳಿದ್ದನ್ನು ಕೇಳುವಾಗ ಅವರು ಆ ಜಾಗಕ್ಕೇ ಹೋಗಿ ನಿಂತುಬಿಡುತ್ತಿದ್ದರು, ದೇಹ ಮಾತ್ರ ಕುರ್ಚಿಯಲ್ಲಿರುತ್ತಿತ್ತು.

"ನನ್ನ ತಮ್ಮ ಅಭಿರಾಮ ತೀರಿಕೊಂಡ," ಎಂದರು ವಿಶಾಲಮ್ಮ. "ಮೊನ್ನೆ ವೈಕುಂಠ ಸಮಾರಾಧನೆ ಮುಗೀತು. ಸಾಹಸ ಬಳಗ ಅಂತ ಒಂದಿದೆ, ವಸಿಷ್ಠ ಅನ್ನೋನು ನಡೆಸ್ತಾನೆ. ಅವನ ಜೊತೆ ಗಂಡ ಹೆಂಡ್ತಿ ಇಬ್ರೂ ಹೋಗಿದ್ರು. ಯಾವುದೋ ಕೊಳ್ಳದಲ್ಲಿ ಹಗ್ಗ ಹಿಡ್ಕೊಂಡು ಇಳಿದು, ನೀರಲ್ಲಿ ಈಜ್ಕೊಂಡು ಆಚೆ ಬರೋದಂತೆ."

"ಅಲ್ಲಿನ ಪೊಲೀಸರು ಏನಂದ್ರು?"

"ಹಗ್ಗ ಜಾರಿಬಿತ್ತು, ಇವನು ನೀರಿಗೆ ಬಿದ್ದ, ಆಕಸ್ಮಿಕ ಅಂತ ಬರ್ಕೊಂಡ್ರು."

"ನಿಮಗೆ ಅನುಮಾನ ಏನಮ್ಮಾ?"

ವಿಶಾಲಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡರು. "ಸಾಹೇಬ್ರೇ, ಅವನನ್ನ ಸಾಕಿದೋಳು ನಾನು. ಅವನು ಹೆದರಿದ್ರೆ ಮುಂದಕ್ಕೆ ಹೋಗೋನಲ್ಲ, ವಾಪಸ್ ಬರೋನು. ತಿರುಪತಿ ಬೆಟ್ಟ ಅರ್ಧ ಹತ್ತಿ ವಾಪಸ್ ಬಂದ. ಊಟಿಗೆ ಅಂತ ಹೊರಟು ಮೈಸೂರಲ್ಲೇ ಬಸ್ ಇಳಿದು ವಾಪಸ್ ಬಂದ. ಅಂಥೋನು ಈ ಸಲ ಯಾಕೆ ವಾಪಸ್ ಬರ್ಲಿಲ್ಲ? ಯಾರೋ ಬಿಡ್ಲಿಲ್ಲ."

ಬದರೀನಾರಾಯಣರಿಗೆ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಸ್ಪಷ್ಟವಾದ ದೂರನ್ನು ಅವರು ಕೇಳಿರಲಿಲ್ಲ. ವಸಿಷ್ಠನನ್ನು ಆರೋಪಿಯಾಗಿ ತೋರಿಸಿ, ಕಲಂ 304-ಎ ಅಡಿ, ಅಂದರೆ ಅಜಾಗರೂಕತೆಯಿಂದ ಸಾವಿಗೆ ಕಾರಣವಾದದ್ದಕ್ಕೆ, ಎಫ್‌ಐಆರ್ ದಾಖಲಾಯಿತು. ಜಾಗ ಬೇರೆ ಜಿಲ್ಲೆಯದಾದರೂ, ಹೋದವರೆಲ್ಲ ಇಲ್ಲಿಯವರೇ ಎಂದು ಮೇಲಧಿಕಾರಿಗಳು ತನಿಖೆಯನ್ನು ಇವರಿಗೇ ಒಪ್ಪಿಸಿದರು.

ವಸಿಷ್ಠ ಮಧ್ಯಾಹ್ನವೇ ಬಂದ. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು, ಆದರೆ ಸರಿಯಾಗಿ ಉಂಡು ಮಲಗಿ ಎಷ್ಟು ದಿನವಾಗಿತ್ತೋ, ಮುಖ ಬಾಡಿಹೋಗಿತ್ತು.

"ಹೋದೋರೆಲ್ಲ ಹೊಸಬರೇನಾ?"

"ಹೌದು ಸರ್. ಆರು ಜನ. ಬ್ಯೂಗಲ್ ರಾಕ್ ಬಂಡೆ ಮೇಲೆ ಭಾನುವಾರ ಭಾನುವಾರ ಅಭ್ಯಾಸ ಮಾಡ್ಸಿದ್ದೆ."

"ಹಗ್ಗ ಹೇಗೆ ಕಟ್ತೀರಿ?"

"ಕಟ್ಟೋದಿಲ್ಲ ಸರ್. ಮೇಲೆ ಬಂಡೇಲಿ ಒಂದು ಕಬ್ಬಿಣದ ಬಳೆ ಇರುತ್ತೆ. ಅದರೊಳಗೆ ತೂರಿಸಿ ಎರಡೂ ಎಳೆ ಕೆಳಗೆ ಬಿಡ್ತೀವಿ. ಎಲ್ಲರೂ ಇಳಿದಾದ್ಮೇಲೆ ಕೆಳಗಿಂದ ಒಂದೆಳೆ ಎಳೆದ್ರೆ ಪೂರ್ತಿ ಬಂದ್ಬಿಡುತ್ತೆ. ಹಗ್ಗ ಎಳೆದ ಮೇಲೆ ಹಿಂದಕ್ಕೆ ದಾರಿ ಇಲ್ಲ. ಗೋಡೆ ನುಣ್ಣಗಿರುತ್ತೆ."

"ಯಾರು ಎಳೀಬೇಕು?"

"ನಾನೇ. ಹೊಸಬರಿದ್ದಾಗ ಒಬ್ಬೊಬ್ಬರೂ ನೀರು ದಾಟಿದ ಮೇಲೆ ನಾನು ವಾಪಸ್ ಬಂದು ಎಳೀಬೇಕು. ಅಲ್ಲೀವರೆಗೂ ನಮ್ಮ ಬಳಗದ ಹುಡುಗ ಅನಿಲ್ ಕುಮಾರ್ ಮೇಲೆ ನಿಂತಿರ್ತಾನೆ. ಹೆದರಿದೋರನ್ನ ಅವನು ಮೇಲಕ್ಕೆ ಎಳ್ಕೋತಾನೆ."

"ಆವತ್ತು?"

"ಗಂಡ ಹೆಂಡ್ತಿ ಕೊನೇಲಿದ್ರು. ಮಿಕ್ಕಿದೋರನ್ನ ನಾನು ಆ ಕಡೆ ದಾಟಿಸ್ತಿದ್ದೆ. ಹೆಂಡ್ತಿ ಸುಪ್ರಜಾ ಅವರು ಒಬ್ಬರೇ ಈಜ್ಕೊಂಡು ಬಂದ್ರು. ಇವರೆಲ್ಲಿ ಅಂದೆ. 'ಬರ್ತಾರೆ' ಅಂದ್ರು. ಸ್ವಲ್ಪ ಹೊತ್ತು ಕಾದೆ ಸರ್. ಕಾಯಬಾರ್ದಿತ್ತು." ವಸಿಷ್ಠ ಮುಖ ಒರೆಸಿಕೊಂಡ. "ಹೋಗಿ ನೋಡಿದ್ರೆ ನೀರಲ್ಲಿ ತೇಲ್ತಿದ್ರು. ಮೈಮೇಲೆ ಲೈಫ್ ಜಾಕೆಟ್ ಇರ್ಲಿಲ್ಲ. ಬಳೇಲಿ ಹಗ್ಗಾನೂ ಇರ್ಲಿಲ್ಲ. ಜಾರಿರ್ಬೇಕು. ನನ್ನದೇ ತಪ್ಪು, ಬರ್ಕೊಳ್ಳಿ."

ತಪ್ಪು ತನ್ನದೇ ಎನ್ನುವವರ ಬಗ್ಗೆ ಬದರೀನಾರಾಯಣರಿಗೆ ಯಾವಾಗಲೂ ಸ್ವಲ್ಪ ಗುಮಾನಿ. ಮೇಲೆ ನಿಂತಿದ್ದ ಅನಿಲ್ ಕುಮಾರನನ್ನೂ ಕರೆಸಿದರು. ಹುಡುಗಾಟದ ವಯಸ್ಸು, ಪೊಲೀಸರೆದುರು ಕೂರಲೂ ಹೆದರುತ್ತಿದ್ದ.

"ಹಗ್ಗ ಹೋಗಿದ್ದು ನೋಡಿದ್ಯಾ?"

"ನೋಡ್ದೆ ಸರ್. ಬಳೇಲಿ ಸರಸರ ಅಂತ ಹೋಯ್ತು, ನಿಂತ್ತು, ಮತ್ತೆ ಹೋಯ್ತು, ನಿಂತ್ತು."

"ನೀನೇನ್ ಮಾಡ್ದೆ?"

"ಹಗ್ಗ ಹೋಯ್ತು ಅಂದ್ರೆ ಎಲ್ರೂ ದಾಟಿದ್ರು ಅಂತ ಲೆಕ್ಕ ಸರ್. ನಮ್ಮಲ್ಲಿ ಪದ್ಧತಿ ಅದೇ. ನಾನು ಗುಡ್ಡ ಬಳಸ್ಕೊಂಡು ಕೊಳ್ಳದ ಆ ಕಡೆ ಬಾಯಿಗೆ ಹೋದೆ."

"ಅಲ್ಲಿ ಯಾರಿದ್ರು?"

"ಎಲ್ಲಾ ಬಿಸಿಲಲ್ಲಿ ಕೂತಿದ್ರು. ಸುಪ್ರಜಾ ಮೇಡಂ ಮಾತ್ರ ನೀರಂಚಲ್ಲಿ ಟವೆಲ್ ಹಿಡ್ಕೊಂಡು ನಿಂತಿದ್ರು. ನಗ್ತಾ ಇದ್ರು ಸರ್. ಅದೇ ನನಗೆ ನೆನಪಾಗ್ತಾ ಇರೋದು."

ದೊಡ್ಡಬೈರಪ್ಪ ಬರೆಯುವ ಪೆನ್ನು ನಿಲ್ಲಿಸಿ ಸಾಹೇಬರ ಮುಖ ನೋಡಿದರು. ಸಾಹೇಬರು ಆಗಲೇ ಕುರ್ಚಿ ಬಿಟ್ಟು ಎಲ್ಲೋ ಹೋಗಿಯಾಗಿತ್ತು. ಜಾರುವ ಹಗ್ಗ ಒಂದೇ ಸಮ ಹೋಗುತ್ತದೆ, ನಡುನಡುವೆ ಯಾಕೆ ನಿಲ್ಲುತ್ತದೆ ಎಂದು ಅವರು ಯೋಚಿಸುತ್ತಿದ್ದರು.

ಫೆಬ್ರವರಿ 6ರಂದು ಜೀಪು ಪಾವಗಡ ದಾಟಿ, ಕಲ್ಲು ಮುಳ್ಳುಗಳ ಬೋಳು ಬಯಲಿಗೆ ಬಂತು. ಮರಳುಗಾಡು ಎನ್ನುವುದೊಂದು ಬಾಕಿ, ಮಿಕ್ಕದ್ದೆಲ್ಲ ಅದೇ. ಇಂಥ ನೆಲದಲ್ಲಿ ನೀರಿದೆಯೆಂದರೆ ಯಾರೂ ನಂಬರು. ಆದರೆ ನೆಲವೇ ಒಂದು ಕಡೆ ಸೀಳಿತ್ತು. ಎರಡು ಬಂಡೆಗೋಡೆಗಳ ನಡುವೆ ಎರಡು ಕೈ ಚಾಚಲೂ ಜಾಗವಿಲ್ಲದ ಸಂದು, ಅದರ ತಳದಲ್ಲಿ ಹಿಂಗಾರಿನ ನೀರು. ಸೂಜಿಕೊಳ್ಳ ಎಂಬುದು ಸುತ್ತಲಿನವರು ಇಟ್ಟ ಹೆಸರು. ಅಲ್ಲಿನ ಠಾಣೆಯವರು ಶವ ಹೊರಬಂದ ಬಾಯಿಯಲ್ಲೇ ಪಂಚನಾಮೆ ಮುಗಿಸಿದ್ದರು, ಒಳಗೆ ಯಾರೂ ಇಳಿದಿರಲಿಲ್ಲ.

"ಸಾರ್, ಇಳಿಸೋನು ಯಾರು?" ದೊಡ್ಡಬೈರಪ್ಪ ಮೆಲ್ಲಗೆ ಕೇಳಿದರು.

"ವಸಿಷ್ಠ."

"ಆರೋಪಿ ಕೈಯಲ್ಲಿ ನಮ್ಮ ಪ್ರಾಣ ಕೊಡೋದಾ ಸಾರ್?"

"ಬೇರೆ ಯಾರಿಗಾದ್ರೂ ಈ ಕೆಲಸ ಬರುತ್ತಾ?"

ಬೈರಪ್ಪ ತಮ್ಮ ಮನೆದೇವರನ್ನು ನೆನೆದು ಸೊಂಟಕ್ಕೆ ಪಟ್ಟಿ ಬಿಗಿಸಿಕೊಂಡರು. ಪಂಚರಾಗಿ ಬಂದ ಊರಿನ ಇಬ್ಬರೂ, ಇನ್‌ಸ್ಪೆಕ್ಟರೂ, ಹೆಡ್ ಕಾನ್‌ಸ್ಟೆಬಲ್ಲೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ ಸಾಲಾಗಿ ನಿಂತಾಗ ಅಧಿಕಾರಿ ಯಾರು, ಪಂಚ ಯಾರು ಎಂದು ಹೇಳುವ ಹಾಗಿರಲಿಲ್ಲ. "ಹಿಂದಕ್ಕೆ ವಾಲಿ ಸರ್. ಹಗ್ಗದ ಮೇಲೆ ಕೂತ್ಕೊಳ್ಳಿ. ಕಾಲು ಗೋಡೆಗಿಡಿ," ಎಂದು ವಸಿಷ್ಠ ಒಬ್ಬೊಬ್ಬರನ್ನೂ ಮಗುವಿನಂತೆ ಇಳಿಸಿದ. ಅವನ ಕೈ ಒಮ್ಮೆಯೂ ಅವಸರ ಮಾಡಲಿಲ್ಲ.

ಇಳಿಯುತ್ತ ಬದರೀನಾರಾಯಣರಿಗೆ ಹೊರಗಿನ ಸದ್ದೆಲ್ಲ ನಿಂತುಹೋಯಿತು. ಗೋಡೆ ಅಲೆ ಅಲೆಯಾಗಿ ಸವೆದಿತ್ತು, ಕೆಂಪು ಕಲ್ಲಿನ ಮೇಲೆ ನೀರಿನ ಬೆಳಕು ನಿಧಾನವಾಗಿ ಅಲ್ಲಾಡುತ್ತಿತ್ತು. ಆಕಾಶ ಮೇಲೆಲ್ಲೋ ಒಂದು ನೀಲಿ ಗೆರೆ. ತಾನು ಕೆಳಗೆ ಹೋಗುತ್ತಿದ್ದೇನೋ, ಗೋಡೆಯೇ ಮೇಲೆ ಹೋಗುತ್ತಿದೆಯೋ ತಿಳಿಯದೆ ಒಂದು ಕ್ಷಣ ಅವರು ಕೇಸನ್ನೇ ಮರೆತರು. ಕಾಲು ನೀರಿಗೆ ತಾಗಿ ಎದೆಯವರೆಗೆ ಚಳಿ ಏರಿದಾಗ ನೆನಪು ಬಂತು. ನೀರಂಚಿನಲ್ಲಿ ಇಬ್ಬರು ಕೂರುವಷ್ಟು ಬಂಡೆಕಟ್ಟೆ. ಮುಂದೆ ಕತ್ತಲೆಗೆ ತಿರುಗುವ ನೀರಿನ ಓಣಿ. ಇಲ್ಲಿ ನಿಂತರೆ ಯಾರಿಗಾದರೂ ವಾಪಸ್ ಹೋಗೋಣ ಎನ್ನಿಸುತ್ತದೆ. ಇನ್‌ಸ್ಪೆಕ್ಟರಿಗೂ ಹಾಗೇ ಅನ್ನಿಸಿತು. ಸತ್ತವನ ಮೇಲೆ ಅವರಿಗೆ ಆಗ ಮೊದಲ ಸಲ ಮರುಕ ಹುಟ್ಟಿತು.

ಕಟ್ಟೆಯ ಮೇಲೆ ಅಭಿರಾಮನ ಜಾಕೆಟ್ ಇತ್ತು, ಆಫೀಸಿಗೆ ಹೋಗುವ ಅಂಗಿಯ ಹಾಗೆ ನೀಟಾಗಿ ಮಡಿಸಿಟ್ಟದ್ದು. ಮರಣೋತ್ತರ ವರದಿಯಲ್ಲಿ ಬೆರಳ ತುದಿಗಳು ತರಚಿದ್ದವು ಎಂದಿತ್ತು. ದಪ್ಪ ಜಾಕೆಟ್ ತೊಟ್ಟು ಗೋಡೆಗೆ ಅಂಟಿಕೊಳ್ಳಲಾಗದು. ಬಿಚ್ಚಿಟ್ಟು ಹತ್ತಲು ನೋಡಿದ್ದಾನೆ, ಜಾರಿ ನೀರಿಗೆ ಬಿದ್ದಿದ್ದಾನೆ. ಹಗ್ಗವಿಲ್ಲದೆಯೂ ಆ ಮನುಷ್ಯ ವಾಪಸ್ಸೇ ಹೋಗಲು ಹೊರಟಿದ್ದ.

"ಸಾರ್, ಅಲ್ನೋಡಿ," ಎಂದರು ಬೈರಪ್ಪ.

ಗೋಡೆಯಿಂದ ಹೊರಚಾಚಿದ ಒಂದು ಕಲ್ಲಿನ ಮೂಗಿಗೆ ಹಗ್ಗ ನೇತಾಡುತ್ತಿತ್ತು. ಬಿದ್ದ ಹಗ್ಗ ನೀರಿನಲ್ಲಿ ಸಿಕ್ಕುಸಿಕ್ಕಾಗಿ ಇರಬೇಕಿತ್ತು. ಇದು ಒಂದೇ ಅಳತೆಯ ಸುತ್ತುಗಳಾಗಿ, ಸುತ್ತುಗಳ ಕತ್ತಿಗೆ ಒಂದು ತಿರುಚು ಹಾಕಿ, ನೀರು ಸೋರಿಹೋಗಲೆಂದು ತೂಗುಬಿಟ್ಟ ಹಗ್ಗ. ಅಷ್ಟು ದಿನದಲ್ಲಿ ಪೂರ್ತಿ ಒಣಗಿತ್ತು.

"ನಿಮ್ಮೋರು ಹೀಗೆ ಸುತ್ತಿಡ್ತಾರಾ?"

ವಸಿಷ್ಠ ಬಿಟ್ಟ ಬಾಯಿ ಮುಚ್ಚದೆ ನೋಡುತ್ತಿದ್ದ. "ಇಲ್ಲ ಸರ್. ನಾವು ಚೀಲಕ್ಕೆ ತುರುಕ್ತೀವಿ. ಹೀಗೆ... ಯಾರೂ ಇಡಲ್ಲ. ಆವತ್ತು ನಾನು ಅವರನ್ನ ಎಳ್ಕೊಂಡು ಹೋಗೋದ್ರಲ್ಲಿದ್ದೆ. ಇದನ್ನ ನೋಡೇ ಇಲ್ಲ."

ಬದರೀನಾರಾಯಣರಿಗೆ ಮಾತ್ರ ಆ ತಿರುಚು ಗೊತ್ತಿತ್ತು. ಅವರ ಅಜ್ಜಿಯ ಮನೆಯ ಹಿತ್ತಲಲ್ಲಿ ಬಾವಿಯಿತ್ತು. ಕೊನೆಯ ಕೊಡ ಸೇದಿದ ಮೇಲೆ ಹಗ್ಗ ನೆಲಕ್ಕೆ ತಾಗಕೂಡದು, ಮೈಲಿಗೆ. ಒದ್ದೆಯಾಗಿ ಮುದುರಿಟ್ಟರೆ ಕೊಳೆಯುತ್ತದೆ. ಅದಕ್ಕೇ ಸುತ್ತು ಹಾಕಿ, ಕತ್ತಿಗೊಂದು ತಿರುಚು ಕೊಟ್ಟು ಗೂಟಕ್ಕೆ ಹಾಕಬೇಕು. ಕೈಗಳೆರಡೂ ಒಂದಾದ ಮೇಲೊಂದು ಸೇದುವಾಗ ಹಗ್ಗ ಬರುತ್ತದೆ, ನಿಲ್ಲುತ್ತದೆ, ಬರುತ್ತದೆ. ಅನಿಲ್ ಕುಮಾರ್ ಮೇಲಿನಿಂದ ನೋಡಿದ್ದು ಅದನ್ನೇ. ಈ ಹಗ್ಗವನ್ನು ನೀರು ಸೇದಿ ಬೆಳೆದ ಕೈ ಎಳೆದಿತ್ತು. ಹಗ್ಗವನ್ನು ಹಾಗೇ, ತಿರುಚು ಬಿಚ್ಚದಂತೆ ಕಟ್ಟಿ, ಜಪ್ತಿ ಮಾಡಿ, ಪಂಚರ ರುಜು ಹಾಕಿಸಲಾಯಿತು.

ಮರುದಿನ ಬೆಳಿಗ್ಗೆ ಅವರು ದೊಡ್ಡಬೈರಪ್ಪನವರನ್ನೂ ಮಹಿಳಾ ಕಾನ್‌ಸ್ಟೆಬಲ್ ಮುನಿಯಕ್ಕನನ್ನೂ ಕರೆದುಕೊಂಡು ಚಾಮರಾಜಪೇಟೆಗೆ ಹೋದರು. ಸುಪ್ರಜಾ ತವರುಮನೆಯಲ್ಲಿದ್ದಳು. ಅವಳ ತಾಯಿ ಕಾವೇರಮ್ಮ ಬಾಗಿಲು ತೆಗೆದು, "ಹಿತ್ತಲಲ್ಲಿದಾಳೆ, ಬನ್ನಿ. ಇವತ್ತು ನಲ್ಲೀಲಿ ನೀರಿಲ್ಲ," ಎಂದರು.

ಸುಪ್ರಜಾ ಬಾವಿಕಟ್ಟೆಯ ಬಳಿ ನಿಂತು ನೀರು ಸೇದುತ್ತಿದ್ದಳು. ಮೂವರೂ ಹಿತ್ತಲ ಬಾಗಿಲಲ್ಲೇ ನಿಂತರು. ಕೊಡ ಮೇಲೆ ಬಂತು. ಅವಳು ನೀರು ಸುರಿದು, ಹಗ್ಗವನ್ನು ಸುತ್ತು ಸುತ್ತಾಗಿ ಕೈಗೆ ತೆಗೆದುಕೊಂಡು, ಕತ್ತಿಗೊಂದು ತಿರುಚು ಕೊಟ್ಟು ಗೂಟಕ್ಕೆ ಹಾಕಿದಳು. ಆಮೇಲೆ ತಿರುಗಿ ಇವರನ್ನು ನೋಡಿದಳು. ಬದರೀನಾರಾಯಣರು ಗೂಟದ ಕಡೆಗೇ ನೋಡುತ್ತಿದ್ದರು. ಅವಳೂ ಅತ್ತ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

"ಅದನ್ನ ಹಾಗೇ ನೇತು ಹಾಕಿದ್ದು ನನಗೆ ನೆನಪೇ ಇಲ್ಲ ಸರ್," ಎಂದಳು.

"ಹಗ್ಗ ಎಳೆದದ್ದು?"

"ಅದು ನೆನಪಿದೆ."

"ನಿಮ್ಮ ಯಜಮಾನ್ರು ಎಲ್ಲಿದ್ರು?"

"ಕಟ್ಟೆ ಮೇಲೆ ಕಣ್ಣು ಮುಚ್ಕೊಂಡು ಕೂತಿದ್ರು. 'ನಡಿ ಸುಪ್ರಜಾ, ವಾಪಸ್ ಹೋಗೋಣ' ಅಂದ್ರು."

"ನೀವೇನಂದ್ರಿ?"

"ಏನೂ ಅನ್ಲಿಲ್ಲ. ಎಳೆದೆ. ಸದ್ದಿಗೆ ಕಣ್ಣು ಬಿಟ್ರು. ಇನ್ನು ಮುಂದಕ್ಕೆ ಮಾತ್ರ ದಾರಿ ಇರೋದು, ಆ ಕಡೆ ಕಾಯ್ತಿರ್ತೀನಿ, ಬನ್ನಿ ಅಂತ ಹೇಳಿ ಈಜಿದೆ."

"ಮೇಲಿದ್ದೋನು ಹೊರಟುಹೋಗ್ತಾನೆ ಅಂತ ಗೊತ್ತಿತ್ತಾ?"

"ಇಲ್ಲ. ಜಾಕೆಟ್ ಬಿಚ್ತಾರೆ ಅಂತಾನೂ ಗೊತ್ತಿರ್ಲಿಲ್ಲ."

"ವಸಿಷ್ಠನ ಮೇಲೆ ಕೇಸಾಗಿದೆ. ಅದು ಗೊತ್ತಿತ್ತಾ?"

ಸುಪ್ರಜಾ ತಲೆ ತಗ್ಗಿಸಿದಳು. "ನಿನ್ನೆ ಗೊತ್ತಾಯ್ತು. ರಾತ್ರಿಯೆಲ್ಲ ಬರ್ಬೇಕು ಅಂದ್ಕೊಂಡೆ. ಬೆಳಿಗ್ಗೆ ಠಾಣೆ ಗೇಟಿನ ತನಕ ಬಂದೆ. ವಾಪಸ್ ಹೋದೆ." ಆಮೇಲೆ ತನ್ನ ಮಾತನ್ನೇ ಕೇಳಿಸಿಕೊಂಡವಳಂತೆ ಬಾವಿಕಟ್ಟೆಯ ಮೇಲೆ ಕುಸಿದು ಕೂತಳು. ಮುನಿಯಕ್ಕ ಹೋಗಿ ಪಕ್ಕದಲ್ಲಿ ನಿಂತು ಭುಜ ಹಿಡಿದುಕೊಂಡಳು.

2003ರ ಫೆಬ್ರವರಿ 7ರಂದು, ಬೆಳಿಗ್ಗೆ ಹತ್ತೂವರೆಗೆ, ಸುಪ್ರಜಾಳ ದಸ್ತಗಿರಿಯಾಯಿತು. ಎಫ್‌ಐಆರಿನ ಕಲಂ ಅದೇ ಉಳಿಯಿತು, ಆರೋಪಿಯ ಹೆಸರು ಮಾತ್ರ ಬದಲಾಯಿತು. ವಸಿಷ್ಠನಿಗೆ ಫೋನ್ ಮಾಡಿ ಹೇಳಿದರು. ಬಳೆಯಲ್ಲಿ ಹಗ್ಗ ಸರಿಯಾಗೇ ಇತ್ತಾ ಸರ್ ಎಂದು ಅವನು ಕೇಳಿದ. ಇತ್ತಪ್ಪಾ ಎಂದರು ಬದರೀನಾರಾಯಣ.

ಹೇಳಿಕೆ ಬರೆದುಕೊಳ್ಳುವಾಗ ಬೈರಪ್ಪ ಕೇಳಬೇಕಾದದ್ದನ್ನು ಕೇಳಿದರು. "ಯಾಕಮ್ಮಾ ಎಳೆದೆ?"

ಸುಪ್ರಜಾ ಹೇಳಿದ್ದು ಇಷ್ಟು. ಆರು ವರ್ಷದ ಸಂಸಾರ, ಮಕ್ಕಳಾಗಿರಲಿಲ್ಲ. ಒಂದು ಅನಾಥಾಶ್ರಮದಿಂದ ಮಗು ತರುವುದೆಂದು ಇಬ್ಬರೂ ಕೂತು ತೀರ್ಮಾನ ಮಾಡಿದ್ದರು. ತೊಟ್ಟಿಲು ತಂದಾಗಿತ್ತು, ಹೆಸರೂ ಇಟ್ಟಾಗಿತ್ತು, ತನ್ಮಯಿ ಅಂತ. ಕರೆದುಕೊಂಡು ಬರುವ ದಿನ ಆ ಮಗು ಸುಪ್ರಜಾಳ ಬೆರಳು ಹಿಡಿದುಕೊಂಡು ಗೇಟಿನವರೆಗೆ ನಡೆದು ಬಂತು. ಗೇಟಿನ ಹತ್ತಿರ ಅಭಿರಾಮ ನಿಂತುಬಿಟ್ಟ. ನಡಿ, ವಾಪಸ್ ಹೋಗೋಣ ಎಂದ. ಆಯಾ ಬಂದು ಮಗುವಿನ ಬೆರಳು ಬಿಡಿಸಬೇಕಾಯಿತು.

"ಅವರು ಕೆಟ್ಟೋರಲ್ಲ," ಎಂದಳು ಸುಪ್ರಜಾ. "ಹೆದರ್ತಿದ್ರು, ಅಷ್ಟೇ. ಒಂದೇ ಒಂದು ಸಲ ಆಚೆ ದಡ ನೋಡಿದ್ರೆ ಭಯ ಹೋಗುತ್ತೆ ಅಂದ್ಕೊಂಡೆ. ಆಮೇಲೆ ಇಬ್ರೂ ಆಶ್ರಮಕ್ಕೆ ಹೋಗೋದು ಅಂತ."

ಬದರೀನಾರಾಯಣರು ಅಷ್ಟು ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮತ್ತೆ ಆ ಕೆಂಪು ಗೋಡೆಗಳ ನಡುವೆ ಇದ್ದರು ಅಂತ ಕಾಣುತ್ತದೆ. ತಿರುಗದೆಯೇ ಕೇಳಿದರು. "ಆ ಕಡೆ ಟವೆಲ್ ಹಿಡ್ಕೊಂಡು ನಿಂತಿದ್ರಂತೆ. ನಗ್ತಿದ್ರಂತೆ."

"ಹೌದು ಸರ್. ಮದುವೆಯಾದಾಗಿಂದ ಎಷ್ಟು ಕಡೆ ಅವರಿಗೋಸ್ಕರ ಕಾದಿದೀನಿ, ಬರ್ತಾರೋ ಇಲ್ವೋ ಅಂತ ಎದೆ ಹೊಡ್ಕೊಳ್ತಿತ್ತು. ಆವತ್ತೊಂದು ದಿನ ಹಾಗಾಗ್ಲಿಲ್ಲ. ಖಂಡಿತ ಬರ್ತಾರೆ ಅಂತ ಗೊತ್ತಿತ್ತಲ್ಲ."

ಬೈರಪ್ಪ ಆ ಮಾತನ್ನೂ ಬರೆದುಕೊಂಡು, ಕೆಳಗೆ ಅವಳ ರುಜು ಹಾಕಿಸಿದರು.