ಎರಡನೇ ಬಾಕ್ಸ್

ಕರೆಗಂಟೆಯ ಸದ್ದಾದಾಗ ಅವಳ ಒಂದು ಕೈಯಲ್ಲಿ ಕತ್ತರಿಯಿತ್ತು, ಇನ್ನೊಂದು ಕೈಯಲ್ಲಿ ಅತ್ತೆಯ ಚಪ್ಪಲಿ. ಹೊಸ ಮನೆಯ ಹಾಲ್ ತುಂಬಾ ರಟ್ಟಿನ ಡಬ್ಬಗಳು. ಯಾವುದರಲ್ಲಿ ಏನಿದೆ ಎಂದು ಅವಳಿಗೂ ಗೊತ್ತಿಲ್ಲ.

'ಕೇಬಲ್‌ನವನೇ ಇರಬೇಕು. ಸದ್ಯ, ಬಂದನಲ್ಲ!' ಎಂದುಕೊಂಡು ಬಾಗಿಲು ತೆರೆದಳು.

ಕೇಬಲ್‌ನವನಲ್ಲ.

ಅವನು!

ತಿಂಗಳುಗಟ್ಟಲೆ ಕಣ್ಣಿಗೆ ಬೀಳದಿದ್ದ ಅವಳ ಗಂಡ. ಕಪ್ಪು ಬಣ್ಣದ ಸೆಟ್‌ಟಾಪ್ ಬಾಕ್ಸೊಂದನ್ನು ಎದೆಗವಚಿಕೊಂಡು ನಿಂತಿದ್ದ. ಅದರ ವೈರು ಮೊಣಕೈಯಿಂದ ಜೋತುಬಿದ್ದಿತ್ತು.

ಚಪ್ಪಲಿ ಕೈಯಿಂದ ಜಾರಿತು.

"ಇದನ್ನ... ವಾಪಸ್ ಕೊಟ್ಟು ಹೋಗೋಣ ಅಂತ ಬಂದೆ," ಎಂದನವನು.

"ಅದಕ್ಕೆ ಇಷ್ಟು ದೂರ ಬರಬೇಕಿತ್ತಾ? ಯಾರ ಕೈಲಾದ್ರೂ ಕಳಿಸಿದ್ರೆ ಆಗ್ತಿತ್ತು."

ಹೇಳಬೇಕೆಂದುಕೊಂಡಿದ್ದು ಅದಲ್ಲವೇ ಅಲ್ಲ! 'ಸರಿಯಾಗಿ ಊಟ ಮಾಡ್ತಿಲ್ವಾ? ಕೆನ್ನೆಯೆಲ್ಲಾ ಇಳಿದುಹೋಗಿದೆಯಲ್ಲ...' ಎಂದು ಕೇಳಬೇಕಿತ್ತು. ಆದರೆ ಅವಳ ನಾಲಿಗೆ ಅವಳ ಮಾತು ಕೇಳಿದ್ದು ಯಾವತ್ತು?

"ಕಂಪನಿಯವ್ರು ಬಾಕ್ಸ್ ಕೇಳ್ತಾರೆ. ಒಂದು ಕಡಿಮೆಯಾದ್ರೆ ನಿನಗೇ ತೊಂದರೆ."

"ಓಹೋ! ನನ್ನ ತೊಂದರೆ ಬಗ್ಗೆ ಚಿಂತೆ ಬೇರೆ!"

ಒಳಗಿನಿಂದ ಅತ್ತೆಯ ದನಿ ಬಂತು. "ಯಾರಮ್ಮಾ ಅದು? ಟಿವಿಯವನಾ? ನನ್ನ ರಿಮೋಟು ಯಾವ ಡಬ್ಬದಲ್ಲಿದೆ ಅಂತ ಕೇಳು ಅವನ್ನ!"

"ಟಿವಿಯವನಲ್ಲ ಅತ್ತೆ. ನಿಮ್ಮ ಮಗ."

ಒಳಗೆ ಡಬ್ಬವೊಂದನ್ನು ಪಕ್ಕಕ್ಕೆಳೆದ ಸದ್ದು. ಆಮೇಲೆ, "ಒಳಗೆ ಬರೋಕೆ ಹೇಳು. ಬರುವಾಗ ಮೆಟ್ಟಿಲ ಹತ್ರ ಇರೋ ಹಾಸಿಗೆ ಎತ್ಕೊಂಡು ಬರ್ಲಿ," ಎಂದರು. ಮಗ ಬಂದದ್ದು ಅವರಿಗೆ ಆಶ್ಚರ್ಯವೇ ಆದಂತಿರಲಿಲ್ಲ. ಹೊಸ ಮನೆಯ ವಿಳಾಸ ಅವನಿಗೆ ಹೇಳಿದವರು ಯಾರು ಎಂದು ಬೇರೆ ಹೇಳಬೇಕೇ?

ಅವನು ಬಾಕ್ಸನ್ನು ಅವಳ ಕೈಗಿಟ್ಟು ಹಾಸಿಗೆ ತರಲು ಹೋದ. ಅವಳು ಅಲ್ಲೇ ನಿಂತಳು. 'ವಾಪಸ್ ಕೊಟ್ಟು ಹೋಗೋಕೆ ಬಂದಿದಾರೆ... ಅಂದ್ರೆ ಎಲ್ಲಾ ಮುಗೀತಾ?'

ಇವರಿಬ್ಬರ ಕಥೆ ದೊಡ್ಡದೇನಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವಳು. ಅವನು ಲಿಫ್ಟ್ ರಿಪೇರಿಯವನು. ಒಮ್ಮೆ ಅಂಗಡಿಗೆ ಕನ್ನಡಕ ಮಾಡಿಸಲು ಬಂದವನು, ಅದು ಸಡಿಲ, ಇದು ಬಿಗಿ ಎಂದು ಮತ್ತೆ ಮತ್ತೆ ಬಂದ. ಕನ್ನಡಕ ಮೊದಲ ದಿನದಿಂದಲೂ ಸರಿಯಾಗಿಯೇ ಇತ್ತು. ಅದು ಅವಳಿಗೂ ಗೊತ್ತಿತ್ತು. ಆದರೂ ಪ್ರತಿಸಲ ತೆಗೆದುಕೊಂಡು, ತಿರುಪನ್ನು ಸುಮ್ಮನೆ ತಿರುಗಿಸಿ ಕೊಡುತ್ತಿದ್ದಳು. ಅವನಿಗೆ ಅವಳು 'ಕನ್ನಡಕ ಮೇಡಂ', ಅವಳಿಗೆ ಅವನು 'ಲಿಫ್ಟ್ ಸಾಹೇಬ್ರು'. ಮದುವೆಯಾದ ಮೇಲೂ ಅದೇ ಕರೆ, ಅದೇ ನಗು.

ನಗು ನಿಂತದ್ದು ಕಳೆದ ವರ್ಷ. ಬೇರೆ ಊರಿನ ದೊಡ್ಡ ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಅವನು ಅವಳನ್ನೊಂದು ಮಾತು ಕೇಳದೆ ಒಪ್ಪಿಕೊಂಡುಬಿಟ್ಟ. ವಿಷಯ ಅವಳಿಗೆ ಗೊತ್ತಾದದ್ದು ಅತ್ತೆಯ ಬಾಯಿಂದ.

"ಹೋಗಿ! ಆ ಲಿಫ್ಟುಗಳ ಜೊತೆಗೇ ಸಂಸಾರ ಮಾಡಿ!" ಎಂದಿದ್ದಳು.

ಅವನು ಹೋದ. ಅತ್ತೆ ಮಾತ್ರ ಮಗನ ಜೊತೆ ಹೋಗದೆ ಸೊಸೆಯ ಬಳಿಯೇ ಉಳಿದರು. "ತಪ್ಪು ಮಾಡಿದವನ ಜೊತೆ ನಾನ್ಯಾಕೆ ಹೋಗ್ಲಿ?" ಎಂದು ಕಾಲು ಚಾಚಿ ಕೂತು ಟಿವಿ ಹಾಕಿಕೊಂಡರು.

ಅವನು ಹೋದ ಮರುದಿನ ಕೋಣೆ ಗುಡಿಸುವಾಗ ಅವಳು ನೋಡಿದಳು. ಮನೆಯಲ್ಲಿ ಡಿಶ್ ಕನೆಕ್ಷನ್ ಒಂದೇ, ಅವನ ಹೆಸರಿನಲ್ಲಿ. ಬಾಕ್ಸ್ ಮಾತ್ರ ಎರಡು, ಹಾಲಿನಲ್ಲೊಂದು, ಮಲಗುವ ಕೋಣೆಯಲ್ಲೊಂದು. ಕೋಣೆಯಲ್ಲಿದ್ದ ಬಾಕ್ಸ್ ಕಾಣಿಸಲಿಲ್ಲ. ಅದಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಉಳಿದಿತ್ತು.

'ಟಿವಿ ಬಾಕ್ಸನ್ನೂ ಬಿಡದೆ ಹೊತ್ಕೊಂಡು ಹೋಗಿದಾರೆ ಅಂದ್ರೆ, ಅಲ್ಲೇ ಮನೆ ಮಾಡೋಕೆ ಹೋಗಿದಾರೆ. ಇನ್ನು ಬರಲ್ಲ...' ಎಂದು ಅಳುತ್ತಲೇ ಆ ಚೌಕವನ್ನು ಒರೆಸಿದ್ದಳು.

ಅವನು ಫೋನ್ ಮಾಡಲಿ ಎಂದು ಅವಳು ಕಾದಳು. ಅವಳು ಮಾಡಲಿ ಎಂದು ಅವನು ಕಾದ. ಇಬ್ಬರ ನಡುವೆ ಅತ್ತೆ ಮಾತ್ರ ಮಗನೊಂದಿಗೆ ಸ್ಪೀಕರ್ ಹಾಕಿ ಗಟ್ಟಿಯಾಗಿ ಮಾತಾಡುತ್ತಿದ್ದರು. ಸೊಸೆ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಹಳೆಯ ಮನೆ ಬಿಡಬೇಕಾಯಿತು. ಹೊಸ ಮನೆಯ ಓನರು ಮೊದಲೇ ಹೇಳಿಬಿಟ್ಟರು. "ಡಿಶ್ ಹಾಕೋಕೆ ಟೆರೇಸಲ್ಲಿ ಡ್ರಿಲ್ ಮಾಡೋ ಹಾಗಿಲ್ಲಮ್ಮ. ಇಲ್ಲಿ ಎಲ್ಲರದ್ದೂ ಕೇಬಲ್ಲೇ. ನೆಟ್ಟೂ ಅದರಲ್ಲೇ ಬರುತ್ತೆ."

ಬದಲಾಯಿಸಿಬಿಡು ಎಂದರು ಅಂಗಡಿಯವರು. ಬದಲಾಯಿಸಿದರೇ ವಾಸಿ ಎಂದಳು ಪಕ್ಕದ ಮನೆಯವಳು. ಎಷ್ಟು ಸುಲಭದ ವಿಷಯ!

ಅವಳಿಗೆ ಮಾತ್ರ ತಲೆ ಚಿಟ್ಟುಹಿಡಿಯಿತು. ಹಳೆಯ ಕನೆಕ್ಷನ್ನಿನಲ್ಲಿ ಅವನ ಹೆಸರಿದೆ. ಅವನ ಫೋನ್ ನಂಬರಿದೆ. ಅದನ್ನು ಬಿಟ್ಟು ತನ್ನ ಹೆಸರಿನಲ್ಲಿ ಹೊಸದು ತೆಗೆದುಕೊಂಡರೆ... ಅವನೊಂದಿಗೆ ಸೇರಿ ಉಳಿದಿರುವುದು ಇನ್ನೇನು?

'ಥೂ, ಇದು ಟಿವಿ ಕಣೇ! ಟಿವಿ!' ಎಂದು ತನಗೆ ತಾನೇ ಬೈದುಕೊಂಡಳು. ಮರುಕ್ಷಣವೇ, 'ಬರೀ ಟಿವಿನಾ?' ಎನಿಸಿತು. ಎರಡು ಅಂತಸ್ತಿನ ನಡುವೆ ನಿಂತುಹೋದ ಲಿಫ್ಟಿನಂತಾಗಿತ್ತು ಅವಳ ಸ್ಥಿತಿ.

ಕೊನೆಗೆ ಅಂಗಡಿಯಿಂದಲೇ ಹಳೆಯ ಕಂಪನಿಗೆ ಫೋನ್ ಮಾಡಿದಳು.

"ಶಿಫ್ಟ್ ಮಾಡ್ಲಾ ಮೇಡಂ, ಕ್ಲೋಸ್ ಮಾಡ್ಲಾ?" ಎಂದಿತು ಆ ಕಡೆಯ ಇಂಪಾದ ದನಿ.

"ಅದೇ ಗೊತ್ತಾಗ್ತಿಲ್ಲ..."

"ಕ್ಲೋಸ್ ಮಾಡ್ತೀನಿ ಮೇಡಂ."

"ಅಯ್ಯೋ, ಬೇಡಾ!"

ಹೊಸ ಕನ್ನಡಕ ಹಾಕಿ ನೋಡುತ್ತಿದ್ದ ಗಿರಾಕಿ ಬೆಚ್ಚಿಬಿದ್ದು ಅದನ್ನು ತೆಗೆದೇಬಿಟ್ಟ.

"ಹಾಗಾದ್ರೆ ಶಿಫ್ಟಾ ಮೇಡಂ?"

"ಅದೂ... ಗೊತ್ತಿಲ್ಲಮ್ಮ."

"ಸರಿ ಮೇಡಂ. ನೀವು ತೀರ್ಮಾನ ಮಾಡೋವರೆಗೂ ಸದ್ಯಕ್ಕೆ ನಿಲ್ಲಿಸಿರ್ತೀನಿ."

ಅವಳು ಹೂಂ ಎಂದುಬಿಟ್ಟಳು. ಆ ಒಂದು ಹೂಂಗೆ ಎರಡು ಊರುಗಳಲ್ಲಿ ಎರಡು ಟಿವಿ ಕಪ್ಪಾದವು. ಅವಳಿಗೆ ನೆನಪಿದ್ದದ್ದು ಒಂದೇ.

ಇದಾದ ಮಾರನೆಯ ದಿನವೇ ಅವನು ಬಾಕ್ಸ್ ಹೊತ್ತುಕೊಂಡು ಬಾಗಿಲಿಗೆ ಬಂದದ್ದು.

ಹಾಸಿಗೆ ಒಳಗಿಟ್ಟು ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ನಿಜವಾದ ಕೇಬಲ್‌ನವನೂ ಬಂದ. ಹೆಗಲಿಗೆ ವೈರಿನ ಸುರುಳಿ, ಕಿವಿಯ ಸಂದಿಯಲ್ಲೊಂದು ಪೆನ್ನು, ಕೈಯಲ್ಲಿ ಫೋನು.

"ಹಾಕ್ಲಾ ಮೇಡಂ? ಓನರ್ ಹೇಳಿದ್ರು."

"ಒಂದ್ನಿಮಿಷ..." ಎಂದಳು.

"ಒಂದ್ನಿಮಿಷ ಅಂತ ನಿನ್ನೆಯಿಂದ ಹೇಳ್ತಿದಾಳಪ್ಪ," ಎಂದರು ಅತ್ತೆ, ಡಬ್ಬವೊಂದರೊಳಗೆ ಮೊಣಕೈವರೆಗೆ ಕೈ ಹಾಕಿ ರಿಮೋಟು ಹುಡುಕುತ್ತಾ. "ನನ್ನ ಧಾರಾವಾಹೀಲಿ ನಿನ್ನೆ ಆ ಹುಡುಗಿ ವಿಷ ಕುಡಿದಳೋ ಹಾಲು ಕುಡಿದಳೋ, ಗೊತ್ತಿಲ್ಲದೆ ನಿದ್ದೆ ಬಂದಿಲ್ಲ ನನಗೆ!"

ಕೇಬಲ್‌ನವನು ನಗುತ್ತಾ ಫೋನಿನಲ್ಲಿ ಬೆರಳಾಡಿಸಿದ. "ಧಾರಾವಾಹಿದು ಹಾಕ್ತೀನಮ್ಮ. ಹಾಡಿನ ಚಾನೆಲ್ ಹಾಕ್ತೀನಿ. ಸ್ಪೋರ್ಟ್ಸ್ ತೆಗೆದುಬಿಡ್ಲಾ ಮೇಡಂ? ಮನೇಲಿ ಯಾರು ನೋಡೋರು?"

ಎಷ್ಟು ಸಣ್ಣ ಪ್ರಶ್ನೆ! ಯಾರು ನೋಡೋರು...?

"ತೆಗೆದುಬಿಡಿ," ಎಂದನವನು, ನೆಲ ನೋಡುತ್ತಾ. "ಯಾರೂ ನೋಡಲ್ಲ."

ಅವಳಿಗೆ ರೇಗಿತು. "ನಿಮ್ಮನ್ನ ಕೇಳಿದ್ರಾ ಅವ್ರು?"

"ಹೇಗಿದ್ರೂ ನೀನು ತೆಗೆಸಿಬಿಟ್ಟೆಯಲ್ಲ. ನಿನ್ನೆ."

"ನಾನಾ? ಏನು ತೆಗೆಸಿದೆ?"

"ಸ್ಪೋರ್ಟ್ಸ್. ಅದನ್ನ ಮಾತ್ರ ಅಲ್ಲ, ಪೂರ್ತಿ ಕನೆಕ್ಷನ್ನೇ..."

"ನಾನು ಏನೂ ತೆಗೆಸಿಲ್ಲ! ಏನು ಮಾಡ್ಲಿ ಗೊತ್ತಾಗದೆ ಫೋನ್ ಮಾಡಿದ್ದೆ. ಅವ್ರೇ ಸದ್ಯಕ್ಕೆ ನಿಲ್ಲಿಸ್ತೀವಿ ಅಂದ್ರು, ಅಷ್ಟೇ!" ಎಂದವಳು ತಟ್ಟನೆ ನಿಂತಳು. "ಅಂದ್ರೆ... ನಿಮ್ಮದೂ ನಿಂತುಹೋಯ್ತಾ?"

ಅತ್ತೆ ಡಬ್ಬದಿಂದ ತಲೆಯೆತ್ತಿದರು.

"ಅವಳು ತೆಗೆಸ್ತಾಳೇನೋ! ಚೆಂಡು ಗುಂಡಗಿರುತ್ತೋ ಚೌಕವಾಗಿರುತ್ತೋ ಅಂತ ಗೊತ್ತಿಲ್ಲದ ಹೆಂಗಸರು ನಾವಿಬ್ರು. ನಮ್ಮ ಮನೇಲಿ ಲೆಕ್ಕವಿಲ್ಲದಷ್ಟು ಆಟದ ಚಾನೆಲ್ಲು! ತೆಗೆಸೇ ತಾಯಿ ಅಂದಾಗೆಲ್ಲಾ 'ಪುರುಸೊತ್ತಿಲ್ಲ ಅತ್ತೆ, ನಾಳೆ ತೆಗೆಸ್ತೀನಿ' ಅಂತಾಳೆ. ಬಟನ್ ಒತ್ತೋಕೆ ಎಷ್ಟು ಪುರುಸೊತ್ತು ಬೇಕಪ್ಪಾ?"

"ಅತ್ತೇ!" ಅವಳ ಕಿವಿಯೆಲ್ಲಾ ಕೆಂಪಾಯಿತು.

ಅವನು ಪಕ್ಕದಲ್ಲಿದ್ದ ಡಬ್ಬದ ಮೇಲೆ ಕುಸಿದು ಕೂತ. ಒಳಗೆ ತಟ್ಟೆ ಲೋಟಗಳು ಝಣಝಣ ಎಂದವು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಅಲ್ಲಿ ರೂಮಲ್ಲಿದ್ದ ಡಿಶ್‌ಗೇ ಈ ಬಾಕ್ಸ್ ಹಾಕ್ಕೊಂಡಿದ್ದೆ. ದಿನಾ ಕೆಲಸ ಮುಗಿಸಿ ಬಂದು ಮೊದಲು ಆ ಚಾನೆಲ್ ಹಾಕ್ತಿದ್ದೆ," ಎಂದ ಮೆಲ್ಲಗೆ. "ಆಟ ನೋಡೋಕಲ್ಲ. ಬರುತ್ತಾ ಇಲ್ವಾ ಅಂತ ನೋಡೋಕೆ. ನೀನು ಇಲ್ಲಿ ತೆಗೆಸಿದ್ರೆ ಅಲ್ಲೂ ಹೋಗುತ್ತಲ್ಲ. ಬಂತು ಅಂದ್ರೆ... ಇವತ್ತೂ ಅವಳು ನನ್ನನ್ನ ತೆಗೆದುಹಾಕಿಲ್ಲ ಅಂತ. ಆಫ್ ಮಾಡಿ ಮಲಗಿಬಿಡ್ತಿದ್ದೆ. ನಿನ್ನೆ... ಬರಲಿಲ್ಲ."

ಅವಳ ಕಣ್ಣು ತುಂಬಿತು. ಎಷ್ಟು ಸಲ ತೆಗೆಸಲು ಹೊರಟು ಬೆರಳು ಹಿಂದಕ್ಕೆಳೆದುಕೊಂಡಿದ್ದಳು! ಬರೀ ಸೋಮಾರಿತನ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದಳು. ಅವಳ ಆ ಸುಳ್ಳನ್ನು ಅಷ್ಟು ದೂರದಲ್ಲಿ ಒಬ್ಬ ದಿನವೂ ನಂಬಿಕೊಂಡು ನಿದ್ದೆ ಮಾಡುತ್ತಿದ್ದನೇ?

"ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ರೀ!"

"ನೀನೂ ಮಾಡಬಹುದಿತ್ತಲ್ಲ."

"ನಾನ್ಯಾಕೆ ಮಾಡ್ಲಿ? ಬಿಟ್ಟು ಹೋದವ್ರು ನೀವು!"

"ಹೋಗಿ ಅಂದವಳು ನೀನು!"

"ಅಂದ್ರೆ ಹೋಗಿಬಿಡೋದಾ? ಬಾಕ್ಸ್ ಬೇರೆ ಹೊತ್ಕೊಂಡು! ಆ ಖಾಲಿ ಜಾಗ ನೋಡಿದಾಗ್ಲೇ... ಇನ್ನು ನೀವು ಬರಲ್ಲ ಅನ್ನಿಸಿಬಿಡ್ತು ನನಗೆ."

ಅವನು ಗಾಬರಿಯಿಂದ ತಲೆಯೆತ್ತಿದ. "ಛೇ! ಹಾಗಲ್ಲ ಕಣೇ... ಈ ಮನೇದು ಏನಾದ್ರೂ ಒಂದು ನನ್ನ ಜೊತೆಗಿರ್ಲಿ ಅನ್ನಿಸ್ತು. ಕೋಪದಲ್ಲಿ ಸುತ್ತಾ ನೋಡಿದೆ. ಕೈಗೆ ಸಿಕ್ಕಿದ್ದು ಅದೊಂದೇ."

ಅವಳಿಗೆ ನಗು ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡಬೇಕೋ ತಿಳಿಯದೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅವನು ಎದ್ದು ಹತ್ತಿರ ಬಂದ.

"ಆವತ್ತು 'ಹೋಗ್ಲಾ' ಅಂತ ನಿನ್ನನ್ನ ಕೇಳಬೇಕಿತ್ತು. ಬೇಡ ಅಂದುಬಿಡ್ತೀಯೇನೋ ಅಂತ ಕೇಳ್ಲಿಲ್ಲ. ತಪ್ಪಾಯ್ತು. ಅಲ್ಲಿಗೆ ಬೇರೆಯವರನ್ನ ಹಾಕಿ, ನನ್ನನ್ನ ಮತ್ತೆ ಇಲ್ಲಿಗೇ ಹಾಕಿ ಅಂತ ಕಂಪನಿಯವ್ರಿಗೆ ಹೋದ ತಿಂಗಳೇ ಹೇಳಿದೀನಿ. ಒಪ್ಪಿದಾರೆ. ನಿನಗೆ ಹೇಳೋಕೆ ಧೈರ್ಯ ಬರಲಿಲ್ಲ, ಅಷ್ಟೇ..." ಅವನು ಕನ್ನಡಕ ಸರಿಪಡಿಸಿಕೊಂಡ. "ಈಗ ಕೇಳ್ತಿದೀನಿ ಕನ್ನಡಕ ಮೇಡಂ. ಇರ್ಲಾ?"

ಅವಳು ಬಾಯಿ ತೆರೆದಳು. ಈ ಹಾಳಾದ ನಾಲಿಗೆ, ಬೇಡದಾಗ ಪಟಪಟ ಅನ್ನುವುದು, ಬೇಕಾದಾಗ ಕೈಕೊಡಬೇಕೇ!

ಅಷ್ಟರಲ್ಲಿ ಬಾಗಿಲ ಬಳಿ ಕೆಮ್ಮಿದ ಸದ್ದು.

"ಮೇಡಂ..." ಕೇಬಲ್‌ನವನು ಎಲ್ಲಿ ನೋಡಬೇಕೋ ತಿಳಿಯದೆ ಫ್ಯಾನ್ ನೋಡುತ್ತಿದ್ದ. "ನಮ್ದು ಹಾಕ್ಲಾ? ಇಲ್ಲಾ ಹಳೇದೇ ಇಟ್ಕೊತೀರಾ?"

ಅವಳು ಕಣ್ಣೊರೆಸಿಕೊಂಡಳು. ಕೈಯಲ್ಲಿದ್ದ ಹಳೆಯ ಬಾಕ್ಸನ್ನು ಒಮ್ಮೆ ನೋಡಿದಳು. ಇಷ್ಟು ದಿನ ಅದನ್ನೇ ಅವನೆಂದುಕೊಂಡಿದ್ದಳಲ್ಲ! ಅವನೇ ಎದುರಿಗೆ ನಿಂತಿರುವಾಗ ಇದು ಬರೀ ಒಂದು ಡಬ್ಬ.

"ಹಳೇದು ಬೇಡ. ಬದಲಾಯಿಸ್ತೀನಿ," ಎಂದಳು.

ಅವನ ಮುಖ ಬಿಳಿಚಿಕೊಂಡಿತು.

"ಕಂಪನಿ ಮಾತ್ರ," ಎಂದಳು, ಅವನತ್ತ ತಿರುಗಿ.

ಅರ್ಥವಾಗಲು ಅವನಿಗೆ ಕೊಂಚ ಹೊತ್ತೇ ಹಿಡಿಯಿತು. ಅರ್ಥವಾದ ಮೇಲೆ ಮುಖವರಳಿತು.

"ಸ್ಪೋರ್ಟ್ಸ್ ಮೇಡಂ?"

"ಹಾಕಿ. ಎಷ್ಟಿದೆಯೋ ಅಷ್ಟನ್ನೂ ಹಾಕಿ."

"ಇನ್ನೊಂದು ಬಾಕ್ಸ್ ಕೊಡ್ಲಾ? ಕೋಣೆಗೊಂದು ಇದ್ರೆ ಜಗಳ ಇರಲ್ಲ ಮೇಡಂ."

ಅವಳು ಗಂಡನನ್ನು ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ.

"ಬೇಡ," ಎಂದಳು. "ಒಂದೇ ಸಾಕು. ಜಗಳ ಇರ್ಲಿ."

"ಸಿಕ್ತು! ಸಿಕ್ತು!" ಎಂದು ಅಡುಗೆಮನೆಯಿಂದ ಕೂಗಿದರು ಅತ್ತೆ. ಯಾವಾಗ ಅಲ್ಲಿಗೆ ಸರಿದುಕೊಂಡಿದ್ದರೋ! "ಕುಕ್ಕರ್ ಒಳಗಿತ್ತು ರಿಮೋಟು!"

"ಅತ್ತೆ, ಅದು ಹಳೇ ಕಂಪನಿದು. ಇನ್ನು ಕೆಲಸಕ್ಕೆ ಬರಲ್ಲ."

"ಅಯ್ಯೋ ನನ್ನ ಕರ್ಮವೇ!"

ಸಂಜೆಯ ಹೊತ್ತಿಗೆ ಟಿವಿ ಬಂತು. ಧಾರಾವಾಹಿಯ ಹುಡುಗಿ ಕುಡಿದದ್ದು ಹಾಲನ್ನೇ ಎಂದು ತಿಳಿದ ಮೇಲೆ ಅತ್ತೆ ಹೊಸ ರಿಮೋಟನ್ನು ಮಗನ ಮಡಿಲಿಗೆ ಹಾಕಿ, ಬೇಕೆಂದೇ ಆಕಳಿಸುತ್ತಾ ತಮ್ಮ ಕೋಣೆಗೆ ಹೋದರು.

ಸೋಫಾದ ಮೇಲಿನ್ನೂ ಡಬ್ಬಗಳೇ ತುಂಬಿದ್ದವು. ಕೂರಲು ಉಳಿದಿದ್ದದ್ದು ಒಂದು ಮೂಲೆ. ಇಬ್ಬರೂ ಅಲ್ಲೇ ಒತ್ತಿಕೊಂಡು ಕೂತರು. ಅವನು ರಿಮೋಟನ್ನು ಪಕ್ಕಕ್ಕಿಟ್ಟ.

"ಯಾಕೆ? ನಿಮ್ಮ ಆಟದ ಚಾನೆಲ್ ಬರುತ್ತಾ ಇಲ್ವಾ ಅಂತ ನೋಡಲ್ವಾ?"

"ಬೇಡ ಬಿಡು. ಇದೆ ಅಂತ ಗೊತ್ತಲ್ಲ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು. "ಲಿಫ್ಟ್ ಸಾಹೇಬ್ರೇ... ಅಷ್ಟು ತಿಂಗಳು ನಿಮಗೋಸ್ಕರ ಇಟ್ಟಿದ್ದೀನಿ. ಒಂದ್ಸಲನಾದ್ರೂ ಆಟಾನೂ ನೋಡ್ರೀ!"

"ನೀನು ಜೊತೆಗೆ ಕೂತ್ರೆ ನೋಡ್ತೀನಿ."

"ನನಗೇನೂ ಅರ್ಥ ಆಗಲ್ಲ."

"ನಾನು ಹೇಳಿಕೊಡ್ತೀನಿ."

"ಸರಿ..." ಎಂದಳು ಅವಳು, ರಿಮೋಟನ್ನು ಅವನ ಕೈಗಿಡುತ್ತಾ. "ಮೊದಲಿಂದ ಹೇಳಿ. ಚೆಂಡು ಗುಂಡಗಿರುತ್ತೆ, ಅಲ್ವಾ?"