ಕಮಲಾಪುರದ ಬಾವಿಯ ಆಳ

ನಾನು ಗಣಿತ ಕಲಿಸುವವಳು, ದೆವ್ವ ನಂಬುವವಳಲ್ಲ. ಬಾವಿಗೆ ಕಲ್ಲು ಬಿಟ್ಟು, ನೀರಿನ ಸಪ್ಪಳ ಕೇಳಿದೊಡನೆ ಬಟನ್ ಒತ್ತಿದರೆ ಆಳ ಹೇಳುವ ಪ್ರೋಗ್ರಾಂ ಬರೆದು, ಕಂಪೈಲ್ ಮಾಡಿ ನನ್ನ ಗ್ರಾಫಿಂಗ್ ಕ್ಯಾಲ್ಕುಲೇಟರಿಗೆ ಹಾಕಿಕೊಂಡಿದ್ದೆ. ಪರೀಕ್ಷಿಸಲು ಬೇಕೆಂದೇ ಕಮಲಾಪುರದ ಬಾಳೆತೋಟದ ಬಾವಿಗೆ ಹೋದೆ. ನೀರಿಗೆ ಹೋದ ನಮ್ಮ ಅಜ್ಜಿ ಪುತಳಾಬಾಯಿಯನ್ನು ಒಂದು ಕಾಲಕ್ಕೆ ಊರವರು ಜಾತಿಯ ಕಾರಣಕ್ಕೆ ಅದರ ಹತ್ತಿರವೂ ಬಿಟ್ಟಿರಲಿಲ್ಲ.

“ಅದರಾಗ ಕಲ್ಲು ಒಗೀಬ್ಯಾಡ್ರಿ ಮೇಡಂ, ಸಪ್ಪಳಾನೇ ಬರಂಗಿಲ್ಲ,” ಎಂದ ತೋಟ ಕಾಯುವ ಯಂಕಪ್ಪ.

“ಅಳತಿ ತಗೊಂಡೇ ಹೋಗ್ತೀನಿ,” ಎಂದು ಕಲ್ಲು ಬಿಟ್ಟೆ.

ಸಪ್ಪಳ ಬರಲಿಲ್ಲ. ನಾನು ಬಟನ್ ಒತ್ತಲೂ ಇಲ್ಲ. ಆದರೂ ಪರದೆಯ ಮೇಲೆ ‘ಅರವತ್ತು ಅಡಿ’ ಮೂಡಿತು. ಉರಿಬಿಸಿಲಲ್ಲಿ ಕ್ಯಾಲ್ಕುಲೇಟರ್ ಮಂಜುಗಡ್ಡೆಯಂತೆ ತಣ್ಣಗಿತ್ತು. ಕಲ್ಲು ಹಾಕದೆಯೇ ಪ್ರೋಗ್ರಾಂ ಮತ್ತೆ ಓಡಿಸಿದೆ. ಐವತ್ತು. ಇನ್ನೊಮ್ಮೆ ಓಡಿಸಿದಾಗ ನಲವತ್ತು. ಯಂಕಪ್ಪ ಓಡಿಹೋದ. ನಾನು ಹೊತ್ತು ಇಳಿಯುವವರೆಗೂ ಕಟ್ಟೆ ಬಿಟ್ಟು ಕದಲಲಿಲ್ಲ.

ಕಲಬುರಗಿಗೆ ಮರಳಿ, ಶಹಾಬಜಾರದ ನಮ್ಮ ಮನೆಯಲ್ಲಿ ಪ್ರೋಗ್ರಾಂ ತೆರೆದು ನೋಡಿದೆ. ಲೆಕ್ಕದ ಉತ್ತರವನ್ನು ಪರದೆಗೆ ತರುವ ಸಾಲನ್ನೇ ಬರೆಯಲು ಮರೆತಿದ್ದೆ. ಅದು ಯಾವ ಸಂಖ್ಯೆಯನ್ನೂ ತೋರಿಸುವಂತಿರಲಿಲ್ಲ. ಓಡಿಸಿದೆ. ಇಪ್ಪತ್ತು ಅಡಿ ಎಂದಿತು. ನಮ್ಮ ಮನೆಯಲ್ಲಿ ಬಾವಿಯೇ ಇಲ್ಲ.

“ಅದನ್ನ ಅಳಿಸಿಬಿಡ್ರಿ,” ಎಂದು ನಾನು ಹೇಳಿದ್ದನ್ನು ಕೇಳಿ ಯಂಕಪ್ಪ ಫೋನಿನಲ್ಲಿ ಬೇಡಿಕೊಂಡ.

“ಯಾಕ ಅಳಿಸ್ಲಿ? ಬರೋರು ಬರ್ಲಿ!”

ಬಾಗಿಲು ತೆರೆದು, ಹೊಸ್ತಿಲ ಮೇಲೆ ಒಂದು ತಂಬಿಗೆ ನೀರಿಟ್ಟು ಎದುರಿಗೆ ಕುಳಿತಿದ್ದೇನೆ. ಪರದೆ ಈಗ ಆರು ಅಡಿ ಎನ್ನುತ್ತಿದೆ. ತಂಬಿಗೆ ಖಾಲಿಯಾಗಿದೆ. ನಾನಿನ್ನೂ ಎದ್ದಿಲ್ಲ.