ಟೀಚರ್ ಮೂಗು, ನನ್ನ ಅಂಟು

ಗೋಡೆಯಾಚೆಯಿಂದ “ಕ್… ಕ್… ಕ್…” ಎಂದು ಸದ್ದು ಬಂದಾಗ ನಾನು ಒಂದು ಬೂಟಿಗೆ ಅಟ್ಟೆ ಅಂಟಿಸುತ್ತಿದ್ದೆ. ಯಾರ ಗಂಟಲಲ್ಲೋ ಏನೋ ಸಿಕ್ಕಿಕೊಂಡಿದೆ ಎಂದು, ಸುತ್ತಿಗೆ ಹಿಡಿದುಕೊಂಡೇ ಪಕ್ಕದ ಮನೆಗೆ ಓಡಿದೆ.

ಅಲ್ಲಿ ಇಬ್ಬರು ಅಕ್ಕ-ತಂಗಿಯರಿದ್ದರು. ಬಾಗಿಲು ತೆರೆದ ಅಕ್ಕ ಸುತ್ತಿಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗೆ ಅವಳ ತಂಗಿ, ಶಿಶುವಿಹಾರದ ಟೀಚರ್, ಬೇಸಿನ್ ಮೇಲೆ ಬಾಗಿ ನಿಂತಿದ್ದಳು. ಒಂದು ಹೊಳ್ಳೆಗೆ ಬಾಟಲಿಯಿಂದ ನೀರು ಹೋಗುತ್ತಿತ್ತು, ಇನ್ನೊಂದರಿಂದ ಧಾರೆಯಾಗಿ ಇಳಿಯುತ್ತಿತ್ತು.

“ಸೈನಸ್ ಆಪರೇಷನ್ ಆಗಿದೆ,” ಎಂದಳು ಅಕ್ಕ. “ದಿನಾ ಎರಡು ಸಲ ಮೂಗು ತೊಳೀಬೇಕು. ಹಾಗೆ ಕ್ ಕ್ ಅಂತಿದ್ರೆ ನೀರು ಗಂಟಲಿಗೆ ಇಳಿಯಲ್ವಂತೆ.”

ಟೀಚರ್ ಮುಖ ಎತ್ತಿದಳು. ಕಣ್ಣು ಕೆಂಪಾಗಿತ್ತು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆದರೂ ನಗುತ್ತಿದ್ದಳು.

“ಸುತ್ತಿಗೆ ಬೇಡ, ಶೂ ಡಾಕ್ಟ್ರೇ. ಒಳಗೆಲ್ಲ ಆಗ್ಲೇ ರಿಪೇರಿ ಆಗಿದೆ.”

ಅಂಥ ಸ್ಥಿತಿಯಲ್ಲೂ ಅಷ್ಟು ಚೆಂದ ಕಾಣುವವರನ್ನು ನಾನು ನೋಡಿರಲಿಲ್ಲ.

ಅಕ್ಕನಿಗೆ ಸಂಜೆ ಪಾಳಿ. ಹಾಗಾಗಿ ಸಂಜೆಯ ನೀರು ನನ್ನ ಪಾಲಿಗೆ ಬಂತು. ಕುದಿಸಿ, ಆರಿಸಿ, ಉಗುರು ಬೆಚ್ಚಗಾದಾಗ ಉಪ್ಪಿನ ಪುಡಿ ಬೆರೆಸಿ ಕೊಡುವುದು. ಅವಳೇ ಮಾಡಿಕೊಳ್ಳಬಹುದಿತ್ತು. ಆದರೆ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಉರಿದರೂ ಒಂದು ದಿನ ತಪ್ಪಿಸಲಿಲ್ಲ ಅವಳು. “ಮಕ್ಕಳಿಗೆ ದಿನಾ ಕೈ ತೊಳ್ಕೊಳ್ಳಿ ಅಂತೀನಿ. ಮೂಗು ತೊಳ್ಕೊಳ್ಳೋಕೆ ನಾನೇ ಹೆದರಿದ್ರೆ ಹೇಗೆ?”

ಒಂದು ಸಂಜೆ ಹೇಳಿದಳು: “ವಾಸನೆ ಹೋಗಿ ಎರಡು ವರ್ಷ ಆಯ್ತು. ಮಕ್ಕಳ ತಲೆ ವಾಸನೆ ಕೂಡ ಮರೆತೇ ಹೋಗಿದೆ. ವಾಪಸ್ ಬಂದ್ರೆ ಸಾಕಪ್ಪ.”

ಬಂದೇ ಬರುತ್ತೆ ಎಂದೆ. ಅವಳು ಅತ್ತ ತಿರುಗಿದಾಗ ನನ್ನ ತೋಳನ್ನೇ ಮೂಸಿ ನೋಡಿಕೊಂಡೆ. ನನ್ನ ಕೈ, ಅಂಗಿ, ಕೂದಲು ಎಲ್ಲಕ್ಕೂ ಅಂಟು ಮತ್ತು ಚರ್ಮದ ವಾಸನೆ. ಹಿಂದೊಬ್ಬಳು ಮೂಗಿಗೆ ಕರವಸ್ತ್ರ ಹಿಡಿದೇ ನನ್ನ ಜೊತೆ ಎರಡು ಸಲ ಕಾಫಿ ಕುಡಿದಿದ್ದಳು. ಮೂರನೆಯ ಸಲ ಬರಲಿಲ್ಲ. ಟೀಚರ್ ಇಷ್ಟು ಹತ್ತಿರ ಕೂರುವುದು ಅವಳ ಮೂಗು ಕಟ್ಟಿರುವುದರಿಂದಲೇ. ಇನ್ನೂ ಸ್ವಲ್ಪ ದಿನ ಹಾಗೇ ಇರಲಿ ಎಂದು ಒಂದು ಕ್ಷಣ ಬಯಸಿದೆ. ಬಯಸಿದ್ದಕ್ಕೆ ನಾಚಿಕೆಯಾಗಿ, ಆ ದಿನ ನೀರನ್ನು ಎರಡು ಸಲ ಕುದಿಸಿದೆ.

ಮೂರನೆಯ ವಾರ ಮೂಗು ತೊಳೆದು, ಮುಖ ಒರೆಸಿಕೊಳ್ಳುತ್ತಿದ್ದವಳು ತಟ್ಟನೆ ನಿಂತಳು. ಹೊಳ್ಳೆಗಳು ಅರಳಿದವು.

“ಏನೋ ವಾಸನೆ… ಘಾಟು ಘಾಟು.”

“ಅಂಟು, ಟೀಚರ್. ನನ್ನದೇ.” ಬಾಗಿಲ ತನಕ ಹಿಂದೆ ಸರಿದೆ. “ಹೋಗ್ತೀನಿ.”

“ಎಲ್ಲಿಗೆ ಹೋಗ್ತೀರಿ? ಎರಡು ವರ್ಷದ ಮೇಲೆ ಬಂದಿರೋ ಮೊದಲನೇ ವಾಸನೆ ಇದು. ಬನ್ನಿ ಇಲ್ಲಿ!”

ನನ್ನ ಅಂಗಿಯ ತೋಳಿಗೆ ಮುಖ ಒತ್ತಿ ಉಸಿರೆಳೆದಳು. ಮತ್ತೆ ಎಳೆದಳು. ಅಳುತ್ತಿದ್ದಳು.

“ಎಷ್ಟು ಸೋಪು ಹಾಕಿದ್ರೂ ಹೋಗಲ್ಲ ಇದು,” ಎಂದೆ ಗಾಬರಿಯಲ್ಲಿ. “ಮದುವೆ ಆದ್ಮೇಲೂ ಹೋಗಲ್ಲ.”

ಮದುವೆ ಎಂದದ್ದು ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳಿಗೆ ಅಷ್ಟು ಹೊತ್ತೂ ಹಿಡಿಯಲಿಲ್ಲ.

“ಹೋಗೋದು ಬೇಡ,” ಎಂದಳು ಮುಖ ಎತ್ತದೆ. “ಅಕ್ಕ ಬಂದ್ಮೇಲೆ ಅವಳಿಗೆ ನೀವೇ ಹೇಳಬೇಕು. ಸುತ್ತಿಗೆ ಮಾತ್ರ ತರಬೇಡಿ.”